ಹಂಗಿನ ಪಟ್ಟಿ

ಯಾರ ಹಂಗೂ ಇಲ್ಲದೆ ಬದುಕಬೇಕು ಎಂಬ ಮಾತನ್ನು ನಮ್ಮ ಕಡೆಯ ತಾಯಂದಿರು ಮಗಳು ಓದಲು ಹೊರಟಾಗ ಬುತ್ತಿಯ ಜೊತೆಗೇ ಕಟ್ಟಿಕೊಡುತ್ತಾರೆ. ಒಳ್ಳೆಯ ಮಾತೇ. ಕೈಯಲ್ಲಿ ಸ್ವಂತ ಕಾಸಿಲ್ಲದೆ ನವೆದವರೇ ಆಡಿದ ಮಾತು ಅದು. ಆದರೆ ಹಂಗಿಲ್ಲದೆ ತಯಾರಾದ ವಸ್ತು, ಹಂಗಿಲ್ಲದೆ ತಯಾರಾದ ಮನುಷ್ಯ ಎಲ್ಲಾದರೂ ಉಂಟೇ? ಹಂಗು ಇದ್ದೇ ಇರುವುದಾದರೆ ಅದರ ಜೊತೆ ಮರ್ಯಾದೆಯಿಂದ ಬಾಳುವುದು ಹೇಗೆ?

ಈ ಪ್ರಶ್ನೆಯ ಒಂದು ಎಳೆ ನನಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ. 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಸೋಂದಾಕ್ಕೆ ಮರಳಿದ ಅಣ್ಣನ ಮಗ ಜಗಲಿಯಲ್ಲಿ ಕುಳಿತು ಲಿನಕ್ಸ್ ಕೆಲಸ ಮಾಡುತ್ತಾನೆ. ಮುಕ್ತ ತಂತ್ರಾಂಶವೆಂದರೆ ಅಡುಗೆಯ ಜೊತೆ ಮಾಡುವ ವಿಧಾನವನ್ನೂ ಕೊಡುವುದು. ಬೇಕಾದವರು ತಮ್ಮ ಮನೆಯಲ್ಲೇ ಮಾಡಿಕೊಳ್ಳಬಹುದು. ಹಾಗೆ ಮಾಡಿಕೊಳ್ಳುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಅದಕ್ಕೆ ಬೇರೆಯವರು ಬರೆದಿಟ್ಟ ಹತ್ತಾರು ತುಣುಕುಗಳು ಮೊದಲೇ ಮನೆಯಲ್ಲಿರಬೇಕು. ಇವೇ ಡಿಪೆಂಡೆನ್ಸಿಗಳು. "ಒಂದು ಕೊಟ್ರೆ ಇನ್ನೊಂದು ಕೇಳ್ತು ಅತ್ತೆ" ಎಂದು ಹುಡುಗ ತಲೆ ಕೆರೆದುಕೊಳ್ಳುತ್ತಾನೆ.

ಇನ್ನೊಂದು ತೊಡಕೂ ಉಂಟು. ಲಿನಕ್ಸ್ ಒಂದೇ ಆದರೂ ಅದರ ಮನೆತನಗಳು ಹಲವು: 1993ರಲ್ಲಿ ಹುಟ್ಟಿದ ಡೆಬಿಯನ್, ಅದರಿಂದ 2004ರಲ್ಲಿ ಕವಲೊಡೆದ ಉಬುಂಟು, 2003ರ ಫೆಡೋರಾ. ಡೆಬಿಯನ್‌ನಲ್ಲಿ 'ಲಿಬ್‌ಎಸ್‌ಎಸ್‌ಎಲ್-ಡೆವ್' ಎಂಬ ತುಣುಕಿಗೆ ಫೆಡೋರಾದಲ್ಲಿ 'ಓಪನ್‌ಎಸ್‌ಎಸ್‌ಎಲ್-ಡೆವೆಲ್' ಎಂದು ಹೆಸರು. ನಮ್ಮ ಒಂದೆಲಗವನ್ನು ಮಂಗಳೂರಿನಲ್ಲಿ ತಿಮರೆ ಎಂದು ಕೇಳಬೇಕು, ಬೆಂಗಳೂರಿನಲ್ಲಿ ಬ್ರಾಹ್ಮಿ ಎಂದು ಕೇಳಬೇಕು, ಹಾಗೆ. ಸೊಪ್ಪು ಸಿಗದ್ದಕ್ಕಲ್ಲ, ಹೆಸರು ಗೊತ್ತಿಲ್ಲದ್ದಕ್ಕೆ ತಂಬುಳಿ ನಿಂತುಹೋಗುತ್ತದೆ.

ಇದಕ್ಕೆ ಅವರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಯಾವ ತಂತ್ರಾಂಶ ಕಟ್ಟುವುದಕ್ಕೆ ಯಾವ್ಯಾವುದರ ನೆರವು ಬೇಕು ಎಂದು ಒಂದು ಪಟ್ಟಿ ಬರೆದಿಡುತ್ತಾರೆ. ಆಮೇಲೆ ಏನೂ ಇಲ್ಲದ ಖಾಲಿ ಕೋಣೆಯಂಥ ಜಾಗದಲ್ಲಿ, ಪಟ್ಟಿಯಲ್ಲಿದ್ದುದನ್ನು ಮಾತ್ರ ತಂದಿಟ್ಟುಕೊಂಡು, ಕಟ್ಟಿ ನೋಡುತ್ತಾರೆ. ಸ್ವಂತ ಯಂತ್ರದಲ್ಲಿ ಹೇಗೋ ಸೇರಿಕೊಂಡಿದ್ದ, ಬರೆಯಲು ಮರೆತ ನೆರವು ಯಾವುದೆಂದು ಆಗ ತಿಳಿಯುತ್ತದೆ. ಅತ್ತೆ ನಾಲ್ಕು ದಿನ ಮಗಳ ಮನೆಗೆ ಹೋದಾಗಲೇ ಅಲ್ಲವೇ, ಹಾಲಿಗೆ ಹೆಪ್ಪು ಹಾಕುವವರು ಯಾರೆಂದು ಮನೆಗೆ ತಿಳಿಯುವುದು?

ಕಟ್ಟುವಾಗ ಬೇಕಾದ ಕೆಲವು ತುಣುಕುಗಳು ಓಡುವಾಗ ಬೇಡ. ತಾರಸಿ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿಡುವಂತೆ ಅವನ್ನು ತೆಗೆದುಬಿಡಬಹುದು. ನನ್ನ ಮನಸ್ಸು ನಿಂತದ್ದು ಇಲ್ಲಿ. ತಾಯಿ, ಊರಿನ ಶಾಲೆಯ ಮೇಷ್ಟರು, ಹೆಂಡತಿಯ ಓದು ಮುಗಿಯಲೆಂದು ಕೂಸನ್ನು ನೋಡಿಕೊಂಡ ನಾದಿನಿ, ಎಲ್ಲರೂ ಹೀಗೆ ಕಟ್ಟುವಾಗ ಬೇಕಾದವರು. ಮಕ್ಕಳು ಗಟ್ಟಿಯಾಗಿ ನಿಂತರೆ ನಾವು ಬೇಡವಾಗುತ್ತೇವೆ. ಬೇಡವಾಗುವುದೇ ನಮ್ಮ ಕೆಲಸದ ಸಾರ್ಥಕತೆ. ಅದರಲ್ಲಿ ದುಃಖವಿಲ್ಲ. ಆದರೆ ಬೇಡವಾದವರು ಇರಲೇ ಇಲ್ಲವೆಂಬಂತೆ 'ನಾನು ಸ್ವಂತ ಬಲದಿಂದ ಮೇಲೆ ಬಂದೆ' ಎಂದಾಗ ಅನ್ಯಾಯ ಶುರುವಾಗುತ್ತದೆ.

ಹಾಗಾದರೆ ಪಟ್ಟಿಯಲ್ಲಿ ಹೆಸರು ಬರೆದರೆ ಋಣ ತೀರಿತೇ? 2024ರ ಒಂದು ಪ್ರಕರಣ ಇಲ್ಲವೆನ್ನುತ್ತದೆ. 'ಎಕ್ಸ್‌ಜಡ್' ಎಂಬ, ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ತುಣುಕನ್ನು ಲಾಸೆ ಕೊಲಿನ್ ಎಂಬವರು ಸಂಬಳವಿಲ್ಲದೆ ವರ್ಷಗಟ್ಟಲೆ ನೋಡಿಕೊಂಡಿದ್ದರು. ಅವರ ಹೆಸರು ಎಲ್ಲರಿಗೂ ಕಾಣುವಂತೆಯೇ ಇತ್ತು. ಮನಸ್ಸಿನ ಆರೋಗ್ಯ ಸರಿಯಿಲ್ಲ, ಕೈ ಸೋತಿದೆ ಎಂದು 2022ರಲ್ಲಿ ಅವರೇ ಬರೆದುಕೊಂಡಿದ್ದರು. ನೆರವಿಗೆ ಬಂದು ವಿಶ್ವಾಸ ಗಳಿಸಿದ 'ಜಿಯಾ ಟಾನ್' ಎಂಬ ಹೆಸರಿನವರು ಅದರೊಳಗೆ ಕಳ್ಳಬಾಗಿಲು ಇಟ್ಟರು. ಕಂಪ್ಯೂಟರಿಗೆ ದೂರದಿಂದ ಪ್ರವೇಶ ಕೊಡುವ 'ಓಪನ್‌ಎಸ್‌ಎಸ್‌ಎಚ್' ಎಂಬ ತಂತ್ರಾಂಶಕ್ಕೆ ಎಕ್ಸ್‌ಜಡ್‌ನ ನೇರ ಹಂಗಿರಲಿಲ್ಲ. ಕೆಲವು ಲಿನಕ್ಸ್ ಮನೆತನಗಳು ನಡುವೆ ಸೇರಿಸಿಕೊಂಡ ಇನ್ನೊಂದು ತುಣುಕಿನ ಮೂಲಕ ನಂಟು ಬೆಳೆದಿತ್ತು. ಒಳಗೆ ಹೋಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಅಷ್ಟೊಂದು ಜನ ನೆಚ್ಚಿದ ಮನುಷ್ಯ ದಣಿದಿದ್ದ. ಆ ದಣಿವು ಉಪಯೋಗಕ್ಕೆ ಬಂದದ್ದು ಮೋಸಗಾರನಿಗೆ.

ನಮ್ಮ ಮನೆಗಳನ್ನು ಯೋಚಿಸಿ. ಗೃಹಪ್ರವೇಶದ ಕರೆಯೋಲೆಯಲ್ಲಿ ತಾಯಿಯ ಹೆಸರು ಮೇಲೆಯೇ ಅಚ್ಚಾಗುತ್ತದೆ. ಆಕೆಯ ಮಂಡಿನೋವಿಗೆ ಔಷಧ ತಂದವರು ಯಾರು?

ಸಂತೆಗೆ ಹೋದ ಅಡಿಕೆಗೆ ಬೆಟ್ಟದ ನೆನಪಿಲ್ಲ. ಆದರೆ ಶಿರಸಿ ಸೀಮೆಯ ತೋಟಗಳಿಗೆ ಸೊಪ್ಪು ಬರುವುದು ಬೆಟ್ಟದಿಂದಲೇ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಬರೆದಿಟ್ಟದ್ದೂ ಒಂದು ಹಂಗಿನ ಪಟ್ಟಿಯೇ. ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಬೆಟ್ಟ ಉಳಿಯುವುದಿಲ್ಲ; ಸೊಪ್ಪು ಕಡಿದವರೇ ಮರ ಚಿಗುರಲು ಬಿಡಬೇಕು.

ಮಗಳಿಗೆ ಬುತ್ತಿ ಕಟ್ಟುವಾಗ ಹೇಳೋಣ: ನಿನ್ನ ಕಾಲ ಮೇಲೆ ನಿಲ್ಲು. ಯಾರ ಹೆಗಲು ಹತ್ತಿ ನಿಂತೆ ಎಂಬುದನ್ನು ಬರೆದಿಟ್ಟುಕೋ. ಆ ಹೆಗಲು ನೋಯುತ್ತಿದೆಯೇ ಎಂದು ಆಗಾಗ ಕೇಳು.