ಮುಪ್ಪಿನ ಕಾಲದ ಪರದೇಶವಾಸ

ಕೆಲವು ದಿವಸಗಳ ಹಿಂದೆ ನಮ್ಮ ಕಾರಟಗಿಯ ಸಭೆಯ ಹಿರಿಯರೊಬ್ಬರು ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಬಳಿಯಲ್ಲಿ ಕೂತು ಒಂದು ಪ್ರಶ್ನೆಯನ್ನು ಕೇಳಿದರು. ಅವರು ಅನೇಕ ವರುಷ ಶಾಲಾ ಮಾಸ್ತರರಾಗಿದ್ದು ಈಗ ಪೆನ್‌ಶನ್ ಪಡೆಯುತ್ತಿರುವರು. ಅವರ ಪತ್ನಿಯು ತೀರಿಹೋಗಿರುವರು. ಒಬ್ಬನೇ ಮಗನು ಅಮೇರಿಕಾದಲ್ಲಿ ನೆಲೆಸಿ ಆ ದೇಶದ ಪೌರನಾಗಿದ್ದು, ತಂದೆಯನ್ನು ಕಡೆಯ ವರೆಗೂ ತನ್ನ ಬಳಿಯಲ್ಲಿಯೇ ಇರಲು ಕರೆಯುತ್ತಿರುವನು. ಹಿರಿಯರು ನಮಗೆ ಹೇಳಿದ್ದೇನಂದರೆ: "ಉಪದೇಶಿಗಳ, ಮಗ ಚಲೋ ನೋಡ್ಕೊಂತಾನ, ಅದರಾಗ ಸಂಶಯ ಇಲ್ಲ. ಆದ್ರ ಅವ ಕೆಲಸಕ್ಕ ಹೋದ ಮ್ಯಾಲೆ ಅಲ್ಲಿ ನನ್ನ ಮಾತಾಡ್ಸೋರು ಯಾರದಾರ?" ಆ ಸಂಜೆ ನಾವು ತಕ್ಕ ಉತ್ತರ ಕೊಡಲಾರದೆ ಹೋದೆವು. ಆದದರಿಂದ ಈ ತಿಂಗಳು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ದುಡಿಮೆಯ ಕಾಲ ತೀರಿದ ಮನುಷ್ಯನು ಪರದೇಶದಲ್ಲಿ ನೆಲೆಸಬಹುದೋ? ನೆಲೆಸಿದರೆ ಅವನು ಆ ಊರಿನವನಾಗುವದು ಯಾವದರಿಂದ?

ಇದು ನಮ್ಮ ಹಿರಿಯರೊಬ್ಬರ ಪ್ರಶ್ನೆ ಮಾತ್ರವಲ್ಲ. ಪಶ್ಚಿಮ ದೇಶಗಳಲ್ಲಿ ನಿವೃತ್ತರಾದ ಅನೇಕರು ತಮ್ಮ ವೇತನದ ಹಣ ಸ್ವದೇಶದಲ್ಲಿ ಸಾಲದೆಂದೂ ಚಳಿಯು ತಾಳಲಾಗದೆಂದೂ ಬೇರೆ ನಾಡುಗಳಿಗೆ ಹೋಗಿ ಮನೆ ಮಾಡುತ್ತಾರೆ. ಥಾಯ್ಲೆಂಡ್ ದೇಶವು ಇಂಥವರಿಗೆಂದೇ ಒಂದು ಬಗೆಯ ವೀಸಾ ಇಟ್ಟಿರುವದು. ವಯಸ್ಸು ೫೦ ತುಂಬಿರಬೇಕು, ಅಲ್ಲಿಯ ಬ್ಯಾಂಕಿನಲ್ಲಿ ೮ ಲಕ್ಷ ಬಾತ್ ಹಣ ಇರಬೇಕು, ಇಲ್ಲವೆ ತಿಂಗಳಿಗೆ ೬೫,೦೦೦ ಬಾತ್ ವರಮಾನವಿರಬೇಕು. ಅಂದರೆ ಬಾಗಿಲಲ್ಲಿ ಕೇಳುವ ಪ್ರಶ್ನೆ, ನಿನ್ನ ಚೀಲದಲ್ಲಿ ಎಷ್ಟಿದೆ ಎಂಬದೇ. ಆದರೆ ಅಗ್ಗವಾದ ಊರೆಂದು ಹುಡುಕಿ ಬರುವವನು ಒಂದು ಮಾತನ್ನು ಯೋಚಿಸತಕ್ಕದ್ದು. ಅವನಿಗೆ ಅಡಿಗೆಯವಳೂ ತೋಟದವನೂ ಅಗ್ಗವಾಗಿ ಸಿಕ್ಕುವದು ಆ ಊರಿನವರಿಗೆ ಕೂಲಿ ಕಡಿಮೆ ಇರುವದರಿಂದಲೇ. ಪರರ ಬಡತನವನ್ನು ತನ್ನ ಭಾಗ್ಯವೆಂದು ಎಣಿಸಿ ಬಂದವನು ಆ ಊರಲ್ಲಿ ವಾಸಿಸಿದರೂ ಆ ಊರಿನವನಾಗುವದು ಕಷ್ಟ.

ನಮ್ಮ ಭಾಷೆಯಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂಬದು ಇನ್ನೊಂದು. "ಪಾಪ, ಪರದೇಶಿ ಕೂಸು" ಎಂದು ನಮ್ಮ ತಾಯಂದಿರು ಹೇಳುವಾಗ ಆ ಕೂಸು ನಮ್ಮ ಓಣಿಯಲ್ಲೇ ಹುಟ್ಟಿದ್ದಾಗಿರಬಹುದು. ಹೀಗಿರಲಾಗಿ ಪರದೇಶಿಯಾಗುವದಕ್ಕೆ ಸಮುದ್ರ ದಾಟಬೇಕೆಂಬದಿಲ್ಲ. ಸಮುದ್ರ ದಾಟಿದ ಮಾತ್ರಕ್ಕೆ ಪರದೇಶಿಯಾಗಬೇಕೆಂಬದೂ ಇಲ್ಲ. ತನ್ನನ್ನು ಕೇಳುವವರಿರುವ ಸ್ಥಳದಲ್ಲಿ ಮನುಷ್ಯನು ಪರದೇಶಿಯಲ್ಲ.

ಸರಕಾರದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡೋಣ. ನಮ್ಮ ಭಾರತದಲ್ಲಿ ನಿವೃತ್ತ ವಿದೇಶೀಯರಿಗೆಂದು ಪ್ರತ್ಯೇಕ ವೀಸಾ ಇಲ್ಲ. ೧೮೦ ದಿವಸಗಳಿಗಿಂತ ಹೆಚ್ಚಿನ ವೀಸಾದ ಮೇಲೆ ಬಂದು ತಂಗುವವನು ಸಾಮಾನ್ಯವಾಗಿ ೧೪ ದಿವಸಗಳೊಳಗೆ ಹೆಸರು ನೋಂದಾಯಿಸಬೇಕು. ಇಲ್ಲಿಯ ಪೌರನಾಗಬೇಕೆಂದರೆ ೧೯೫೫ರ ಪೌರತ್ವ ಕಾಯಿದೆಯ ಪ್ರಕಾರ ಸಾಧಾರಣವಾಗಿ ೧೨ ವರುಷಗಳ ವಾಸವೂ ಒಳ್ಳೆಯ ನಡತೆಯೂ ಬೇಕು. ಇವುಗಳ ಸಂಗಡ ಇನ್ನೊಂದು ಶರತ್ತಿರುವದು: ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ೨೨ ಭಾಷೆಗಳಲ್ಲಿ ಒಂದನ್ನಾದರೂ ಅವನು ತಕ್ಕಷ್ಟು ಬಲ್ಲವನಾಗಿರಬೇಕು. ನಮ್ಮ ಕನ್ನಡವೂ ಅವುಗಳಲ್ಲೊಂದು. ಕಾನೂನು ಮಾಡಿದವರು ಇಲ್ಲಿ ವಿವೇಕವನ್ನೇ ತೋರಿಸಿರುವರು. ಯಾಕಂದರೆ ಹಣದಿಂದ ಮನೆ ಸಿಕ್ಕೀತು, ಕಾಗದಪತ್ರದಿಂದ ಅಪ್ಪಣೆ ಸಿಕ್ಕೀತು. ಬಾವಿಕಟ್ಟೆಯಲ್ಲಿ ನಿಂತು ನೆರೆಯವಳ ಸುಖದುಃಖ ಕೇಳುವದಕ್ಕೆ ನಾಲಿಗೆಯೇ ಬೇಕು.

ನಮ್ಮ ಸೀಮೆಯವರು ವಿದೇಶೀಯರನ್ನು ಕಾಣದವರಲ್ಲ. ಗಂಗಾವತಿಯ ಕಡೆಗೆ, ಹಂಪಿಗೆ ಎದುರಾಗಿ ತುಂಗಭದ್ರೆಯ ಈಚೆ ದಡದಲ್ಲಿರುವ ವಿರುಪಾಪುರ ಗಡ್ಡೆಯಲ್ಲಿ ಬಹು ವರುಷ ಅವರು ಬಂದು ತಂಗುತ್ತಿದ್ದರು. ಅವರಿಗೋಸ್ಕರ ಕಟ್ಟಿದ್ದ ರೆಸಾರ್ಟುಗಳನ್ನು ಸುಪ್ರೀಮ್ ಕೋರ್ಟಿನ ತೀರ್ಪಿನ ಮೇರೆಗೆ ೨೦೨೦ರಲ್ಲಿ ಕೆಡವಿದರು. ಕಟ್ಟಡಗಳು ಹೋದವು, ತಂಗುವವರೂ ಹೋದರು. ಅವರು ಅತಿಥಿಗಳು; ಅತಿಥಿಗಳಾಗಿ ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಕೊಠಡಿಯ ಬಾಡಿಗೆಯಿಂದ ಹುಟ್ಟಿದ ಸಂಬಂಧವು ಕೊಠಡಿಯೊಂದಿಗೇ ಮುಗಿಯುತ್ತದೆ.

ಇದಕ್ಕೆ ಪ್ರತಿಯಾಗಿ ಮತ್ತೊಬ್ಬರ ಸಂಗತಿಯನ್ನು ಕೇಳಿರಿ. ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ಎಂಬವರು ೧೮೬೫ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ೧೮೯೩ರಲ್ಲಿ ಬರೋಡಾ ಸಂಸ್ಥಾನಕ್ಕೂ ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದು, ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡರು. ಒಂದು ಜಾತಿಯ ಮರದ ಹೂವು ಉದುರುವಾಗ ಮತ್ತೊಂದು ಅರಳುವ ಹಾಗೆ ಬೀದಿಗಳಲ್ಲಿ ಮರ ನೆಡಿಸುವ ಕ್ರಮವನ್ನು ತಂದವರು ಅವರೇ. ೧೯೩೨ರಲ್ಲಿ ನಿವೃತ್ತರಾಗಿ, ತೋಟದ ಅಧಿಕಾರವನ್ನು ಎಚ್. ಸಿ. ಜವರಾಯರಿಗೆ ಬಿಟ್ಟುಕೊಟ್ಟರು. ಆಗ ಅವರಿಗೆ ೬೬ ವರುಷ. ಜರ್ಮನಿಗೆ ಹೋಗಬಹುದಾಗಿತ್ತು, ಆದಾಗ್ಯೂ ಬೆಂಗಳೂರಿನಲ್ಲೇ ಉಳಿದು, ತೋಟ ಕಟ್ಟಡಗಳ ವಿಷಯದಲ್ಲಿ ಕೇಳಿದವರಿಗೆ ಸಲಹೆ ಕೊಡುತ್ತಾ ಬಂದರು. ಯುದ್ಧಕಾಲದಲ್ಲಿ ಜರ್ಮನ್ ಹುಟ್ಟಿನವರೆಂಬ ಕಾರಣದಿಂದ ಬ್ರಿಟಿಷ್ ಆಳಿಕೆಯವರು ಅವರನ್ನು ಬಂಧನದಲ್ಲಿಯೂ ಇಟ್ಟರು. ಅವರು ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸಮಾಧಿಭೂಮಿಯಲ್ಲಿ ಅವರನ್ನು ಹೂಣಿಟ್ಟರು. ಸರಕಾರದ ಲೆಕ್ಕದಲ್ಲಿ ಒಂದು ಕಾಲಕ್ಕೆ ಶತ್ರುದೇಶದವರೆನಿಸಿಕೊಂಡ ಈ ಮನುಷ್ಯರ ಹೆಸರನ್ನು ಲಾಲ್‌ಬಾಗಿನ ಬಳಿಯ ಒಂದು ರಸ್ತೆಯು ಇಂದಿಗೂ ಹೊತ್ತಿರುವದು.

ಆದರೆ ಉಳಿದವರೇ ಒಳ್ಳೆಯವರು, ಹಿಂತಿರುಗಿದವರು ಮರೆತವರು ಎಂದು ತೀರ್ಪು ಮಾಡಬಾರದು. ೧೮೫೩ರಲ್ಲಿ ಈ ನಾಡಿಗೆ ಬಂದ ಫೆರ್ಡಿನೆಂಡ್ ಕಿಟ್ಟೆಲ್ ಅವರು ಮುಪ್ಪಿನಲ್ಲಿ, ೧೮೯೨ರಲ್ಲಿ, ಜರ್ಮನಿಗೆ ಮರಳಿ ಟ್ಯೂಬಿಂಗೆನ್ ಪಟ್ಟಣದಲ್ಲಿ ನೆಲೆಸಿದರು. ಅವರ ದೊಡ್ಡ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ಅದರ ತರುವಾಯ, ೧೮೯೪ರಲ್ಲಿ. ಅವರ ಕನ್ನಡ ವ್ಯಾಕರಣವು ಪ್ರಕಟವಾದದ್ದು ೧೯೦೩ರಲ್ಲಿ. ಅದೇ ವರುಷ ಅವರು ತೀರಿಕೊಂಡರು. ಅವರ ದೇಹವು ಸ್ವದೇಶದಲ್ಲಿತ್ತು, ಕೈಕೆಲಸವು ನಮ್ಮ ನಾಡಿಗೆ ಸಲ್ಲುತ್ತಿತ್ತು. ಮನುಷ್ಯನು ಯಾವ ಊರಿನವನೆಂಬದನ್ನು ಅವನ ಹಾಸಿಗೆ ಎಲ್ಲಿದೆ ಎಂಬದರಿಂದ ತಿಳಿಯಲಾಗದು. ಅವನು ಯಾರ ಋಣವನ್ನು ಹೊತ್ತು ತೀರಿಸುತ್ತಿರುವನು ಎಂಬದರಿಂದ ತಿಳಿಯಬೇಕು.

ಋಣ ಎಂದೆವು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಇನ್ನೂ ಹತ್ತಿರದ ಮಾತುಂಟು: ಮುಯ್ಯಿ. ಒಬ್ಬನ ಹೊಲಕ್ಕೆ ನಾವು ಮುಯ್ಯಾಳಾಗಿ ಹೋದರೆ ಅವನು ನಮ್ಮ ಹೊಲಕ್ಕೆ ಬರುತ್ತಾನೆ. ಮದುವೆಯಲ್ಲಿ ಮಾಡಿದ ಮುಯ್ಯಿಯನ್ನು ಮುಂದೆ ಅವರ ಮನೆಯ ಮದುವೆಯಲ್ಲಿ ತೀರಿಸುತ್ತೇವೆ. ತೀರಿಸುವಾಗ ಒಂದಿಷ್ಟು ಹೆಚ್ಚಾಗಿಯೇ ಇಟ್ಟು ಬರುತ್ತೇವೆ, ಲೆಕ್ಕ ಮುಗಿದುಹೋಗಬಾರದೆಂದು. ಲೆಕ್ಕ ಮುಗಿದಲ್ಲಿ ನಂಟು ಮುಗಿಯುತ್ತದೆ. ಪ್ರತಿಯೊಂದಕ್ಕೂ ಕೂಡಲೇ ಹಣ ಕೊಟ್ಟು, ಯಾರಿಗೂ ಏನೂ ಬಾಕಿ ಇಲ್ಲವೆಂದು ಹೆಮ್ಮೆಪಡುವ ಪರದೇಶದ ಮುದುಕನು ಪ್ರಾಮಾಣಿಕನೇ ಹೌದು. ಆದರೆ ಅವನು ಮುಯ್ಯಿಯ ಹೊರಗಿರುವನು. ಅವನ ಬಾಗಿಲು ಎರಡು ದಿವಸ ತೆರೆಯದಿದ್ದರೆ ಬಂದು ತಟ್ಟುವದಕ್ಕೆ ಯಾರಿಗೂ ಕಾರಣವಿಲ್ಲ.

ಕೈಲಾಗದ ವಯಸ್ಸಿನಲ್ಲಿ ಮುಯ್ಯಿ ಮಾಡುವದೆಂತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಮುಯ್ಯಿಯು ಕೊಡುವದರಿಂದಲೇ ಆರಂಭವಾಗಬೇಕೆಂಬದಿಲ್ಲ, ತೆಗೆದುಕೊಳ್ಳುವದರಿಂದಲೂ ಆರಂಭವಾಗುವದು. ನೆರೆಯವರ ಒಂದು ಬಟ್ಟಲು ಸಾರನ್ನು ಸಂಕೋಚವಿಲ್ಲದೆ ತೆಗೆದುಕೊಂಡು, ಆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸದವನು ಆಗಲೇ ಅವರ ಮನೆಯ ಲೆಕ್ಕದಲ್ಲಿ ಸೇರಿದನು. ತಾತನಾದವನು ತಪ್ಪು ತಪ್ಪಾಗಿ ಪರಭಾಷೆಯನ್ನಾಡುವಾಗ ನಕ್ಕು ತಿದ್ದುವ ನೆರೆಯ ಮಗುವಿಗೆ ತಾನೂ ಒಬ್ಬರಿಗೆ ಕಲಿಸಿದೆನೆಂಬ ಸಂತೋಷ ಕೊಟ್ಟಂತಾಯಿತು. ಮುಪ್ಪಿನಲ್ಲಿ ಕಲಿಯುವವನಾಗುವದು ಅವಮಾನವಲ್ಲ. ಮಾಸ್ತರರಾಗಿದ್ದವರಿಗೆ ಇದು ಕಠಿಣವಾದದ್ದೆಂದು ಒಪ್ಪುತ್ತೇವೆ.

ಈ ಮಾತು ಬರಮಾಡಿಕೊಳ್ಳುವವರಿಗೂ ಹತ್ತುವದು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಎಷ್ಟೋ ಕುಟುಂಬಗಳು ಬಂದು ನಮ್ಮ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದವು. ಸಿಂಧನೂರಿನ ಕಡೆಗೆ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಇರುವವು. ಅಂದು ಯೌವನದಲ್ಲಿ ಬಂದವರು ಇಂದು ಮುದುಕರು. ಅವರು ಬೆಳೆದ ಭತ್ತವು ನಮ್ಮ ಪೇಟೆಯ ಗಿರಣಿಗಳಲ್ಲಿ ಅಕ್ಕಿಯಾಗುವದು. ಅದನ್ನು ನಾವು ಉಣ್ಣುತ್ತೇವೆ. ಆದರೂ 'ಕ್ಯಾಂಪಿನವರು' ಎಂದು ಹೇಳುವಾಗ ನಮ್ಮ ಬಾಯಲ್ಲಿ ಹೊರಗಿನವರೆಂಬ ಅರ್ಥ ಇನ್ನೂ ಉಳಿದಿಲ್ಲವೇ? ವ್ಯಾಪಾರ ಮಾಡುವದಷ್ಟೇ ಸಾಕೆಂದರೆ ನಾವು ಅವರನ್ನು ಬಾಡಿಗೆಯವರಂತೆ ಇಟ್ಟ ಹಾಗಾಯಿತು. ಅವರಲ್ಲಿ ಒಬ್ಬ ಅಜ್ಜನು ಕಾಯಿಲೆ ಬಿದ್ದಾಗ ಹೋಗಿ ಕೂತುಕೊಳ್ಳುವದೂ, ನಮ್ಮ ಮನೆಯ ಸಾವಿಗೆ ಅವರಿಗೂ ಹೇಳಿಕಳುಹಿಸುವದೂ ನಮ್ಮ ಮೇಲಿರುವ ಹೊಣೆ.

ನಮ್ಮ ಪಿತೃವಾದ ಅಬ್ರಹಾಮನು ಕಾನಾನಿನಲ್ಲಿ ಬಹುಕಾಲ ಪರದೇಶಿಯಾಗಿದ್ದನು. ಸಾರಳು ತೀರಿದಾಗ ಅವನು ಆ ಜನರ ಮುಂದೆ ಬಾಗಿ ಕೇಳಿ, ಪೂರ್ಣ ಕ್ರಯ ಕೊಟ್ಟು ಅವಳನ್ನು ಹೂಣಿಡುವದಕ್ಕೆ ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡನು. ತನ್ನ ಸತ್ತವರನ್ನು ಯಾವ ಮಣ್ಣಿಗೆ ಒಪ್ಪಿಸುವನೋ ಆ ಮಣ್ಣಿನೊಂದಿಗೆ ಮನುಷ್ಯನು ಬಿಡಿಸಲಾಗದ ಕಟ್ಟು ಕಟ್ಟಿಕೊಳ್ಳುವನು. ನಮ್ಮ ಹಿರಿಯರ ಪತ್ನಿಯ ಸಮಾಧಿಯು ಕಾರಟಗಿಯಲ್ಲಿರುವದು. ಅವರ ಪ್ರಶ್ನೆಯ ಭಾರವು ಇಲ್ಲಿಯೂ ಇದೆಯೆಂದು ನಮಗೆ ತೋರುತ್ತದೆ, ಅವರು ಬಾಯಿಬಿಟ್ಟು ಹೇಳದಿದ್ದರೂ.

ಇನ್ನು ಅವರಿಗೆ ನಮ್ಮ ಉತ್ತರ. ಮೊದಲು ಲೌಕಿಕವಾದದ್ದನ್ನು ಮಗನೊಂದಿಗೆ ತೆರೆದ ಮನಸ್ಸಿನಿಂದ ಮಾತಾಡಿರಿ. ಅಮೇರಿಕಾದಲ್ಲಿ ವೈದ್ಯದ ವೆಚ್ಚ ಬಹಳ. ಹೊಸದಾಗಿ ಹೋಗಿ ಕಾಯಂ ನೆಲೆಸುವ ವೃದ್ಧರು ಸಾಮಾನ್ಯವಾಗಿ ೫ ವರುಷ ಎಡೆಬಿಡದೆ ವಾಸಿಸಿದ ಮೇಲೆಯೇ ಅಲ್ಲಿಯ ಸರಕಾರದ ಮೆಡಿಕೇರ್ ವಿಮೆಗೆ, ಅದೂ ಕಂತು ಕಟ್ಟಿ, ಸೇರಬಹುದು. ಆ ವರೆಗಿನ ವಿಮೆಯ ಏರ್ಪಾಡು ಮೊದಲೇ ಆಗಿರಲಿ. ಎರಡನೆಯದು, ಒಮ್ಮೆಗೇ ಇಲ್ಲಿಯ ಮನೆ ಮಾರಬೇಡಿರಿ. ಸಂದರ್ಶಕರ ವೀಸಾದ ಮೇಲೆ ಹೋದವರಿಗೆ ಸಾಧಾರಣವಾಗಿ ೬ ತಿಂಗಳ ವರೆಗೆ ಇರಗೊಡುತ್ತಾರೆ; ಅಷ್ಟು ಕಾಲ ಇದ್ದು ನೋಡಿರಿ. ಮೂರನೆಯದು ಮುಖ್ಯವಾದದ್ದು. ನೋಡಿಕೊಳ್ಳಲ್ಪಡುವದಕ್ಕಾಗಿ ಮಾತ್ರ ಹೋಗಬೇಡಿರಿ. ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರು ಆ ಮನೆಯಲ್ಲಿ ನಿಮ್ಮ ಹೊರತು ಯಾರು? ಓಣಿಯಲ್ಲಿ ನಿಮ್ಮ ಹಾಗೆಯೇ ಒಬ್ಬಂಟಿಯಾಗಿರುವ ಆ ದೇಶದ ಮುದುಕರೂ ಇದ್ದಾರು. ಅವರನ್ನೂ ಮಾತಾಡಿಸುವವರು ಬೇಕು. ನನ್ನನ್ನು ಮಾತಾಡಿಸುವವರು ಯಾರು ಎಂಬ ಪ್ರಶ್ನೆಗೆ ನಾನು ಮಾತಾಡಿಸಬೇಕಾದವರು ಯಾರು ಎಂಬ ಇನ್ನೊಂದು ಪ್ರಶ್ನೆಯೇ ಉತ್ತರ. ಅದಕ್ಕೆ ಅಲ್ಲಿ ಜವಾಬು ಸಿಕ್ಕದೆ ಹೋದರೆ ನಾಚಿಕೆಪಡದೆ ಮರಳಿ ಬನ್ನಿರಿ.

ಪೆನ್‌ಶನ್ ಪಡೆಯುವವರು ವರುಷಕ್ಕೊಮ್ಮೆ ತಾವು ಬದುಕಿರುವೆವೆಂದು ಪ್ರಮಾಣಪತ್ರ ಕೊಡಬೇಕಷ್ಟೆ. ಸರಕಾರವು ವರುಷಕ್ಕೊಮ್ಮೆ ಕೇಳುವದು. ನೆರೆಯವರು ದಿನಾಲು ಕೇಳತಕ್ಕದ್ದು. ಪ್ರಿಯರೇ, ಈ ಹೊತ್ತು ನಿಮ್ಮ ಓಣಿಯಲ್ಲಿ ಯಾರೂ ಕೇಳದ ಅಜ್ಜ ಅಜ್ಜಿಯರು ಇದ್ದಾರೋ ನೋಡಿರಿ. ಅವರು ಆಂಧ್ರದವರಿರಲಿ, ಬಂಗಾಳದವರಿರಲಿ, ಕಾರಟಗಿಯಲ್ಲೇ ಹುಟ್ಟಿದವರಿರಲಿ, ಹೋಗಿ ಬಾಗಿಲು ತಟ್ಟಿ ಮಾತಾಡಿಸಿ ಬನ್ನಿರಿ.