ಮಳೆಯ ಮೇಲೆ ಹೊರಿಸಿದ ಅಪವಾದ

(ಇಡಗುಂಜಿಯ ಮಹಾಗಣಪತಿ ದೇವಸ್ಥಾನಕ್ಕೆ ಹತ್ತಿರದ ಒಂದು ಮನೆ. ಪುನರ್ವಸು ಮಳೆಯ ದಿನಗಳು. ದೊಡ್ಡಪ್ಪ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಕಲಿಸಿ ನಿವೃತ್ತರಾದವರು. ತಮ್ಮನ ಮಗಳು ಯಕ್ಷಗಾನದ ವಿಡಿಯೊ ಸಂಕಲನ ಮಾಡುವವಳು. ಬಿಡಿಭಾಗ ತರಿಸಿ ಕಂಪ್ಯೂಟರನ್ನು ತಾನೇ ಜೋಡಿಸಿಕೊಂಡಿದ್ದಾಳೆ.)

ಮಗಳು: ದೊಡ್ಡಪ್ಪ, ಕಂಪ್ಯೂಟರ್ ಮತ್ತೆ ಹ್ಯಾಂಗ್ ಆಗಿದೆ, ಬಂದು ನೋಡಿ. ಫ್ಯಾನ್ ತಿರುಗುತ್ತಿದೆ, ಪರದೆಯ ಮೇಲೆ ಚಿತ್ರವೂ ಇದೆ. ಆದರೆ ಮೌಸ್ ಅಲ್ಲಾಡುವುದಿಲ್ಲ, ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಹೊತ್ತುವುದಿಲ್ಲ. ಮೂಲೆಯ ಗಡಿಯಾರ 11:42ಕ್ಕೆ ನಿಂತಿದೆ. ಈಗ ಹನ್ನೆರಡೂವರೆ.

ದೊಡ್ಡಪ್ಪ: ಹಾಗಾದರೆ ನಿಂತ ಹೊತ್ತನ್ನು ಅದೇ ಹೇಳುತ್ತಿದೆ. ಬರೆದುಕೊಂಡೆಯಾ?

ಮಗಳು: ಪ್ರತಿ ಸಲವೂ ಬರೆಯುತ್ತೇನೆ. ಆದರೂ ಲೆಕ್ಕಕ್ಕೆ ಸಿಗುತ್ತಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಯಾವಾಗ ಬೇಕಾದರೂ ನಿಲ್ಲುತ್ತದೆ. ಒಂದಷ್ಟು ದಿನ ಏನೂ ಇಲ್ಲ, ಆಮೇಲೆ ಒಂದೇ ದಿನ ಎರಡೆರಡು ಸಲ. ಕಾರಣವೇ ಇಲ್ಲದೆ ಆಗುತ್ತಿದೆ ಅನ್ನಿಸುತ್ತದೆ.

ದೊಡ್ಡಪ್ಪ: ಈ ಮಾತು ಬಹಳ ಹಳೆಯದು ಕೂಸೇ. ಮುಳ್ಳನ್ನು ಯಾರೂ ಮಸೆದು ಚೂಪು ಮಾಡಲಿಲ್ಲ, ಆದ್ದರಿಂದ ವಸ್ತುಗಳು ನಿಮಿತ್ತವಿಲ್ಲದೆಯೇ ಹುಟ್ಟುತ್ತವೆ ಎಂಬ ಪಕ್ಷವನ್ನು ಗೌತಮನ ನ್ಯಾಯಸೂತ್ರವೇ ಎತ್ತಿಕೊಂಡು ಚರ್ಚಿಸಿದೆ. ಹತ್ತನೆಯ ಶತಮಾನದ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಆಕಸ್ಮಿಕವಾದವನ್ನು ಖಂಡಿಸಿದ. ತಿರುಳು ಇಷ್ಟು: ಕಾರಣ ಬೇಡವೆಂದಾದರೆ ಅದು ಸದಾ ಆಗುತ್ತಲೇ ಇರಬೇಕು, ಇಲ್ಲವೇ ಎಂದೂ ಆಗಬಾರದು. ಒಮ್ಮೆ ಆಗಿ ಒಮ್ಮೆ ಆಗದಿದ್ದರೆ ಅದು ಬೇರೆ ಏನನ್ನೋ ಕಾಯುತ್ತಿದೆ ಎಂದೇ ಅರ್ಥ. ನಿನ್ನ ಕಂಪ್ಯೂಟರ್ ಆಗೀಗ ನಿಲ್ಲುತ್ತದೆ. ಕಾರಣ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ಮಗಳು: ಅಷ್ಟು ಸುಲಭವಾಗಿ ಒಪ್ಪಲಾರೆ. 1970ರ ದಶಕದಲ್ಲಿ ಮೆಮೊರಿ ಚಿಪ್‌ಗಳಲ್ಲಿ ಎಲ್ಲೋ ಒಂದು ಬಿಟ್ ತಾನಾಗಿ ಬದಲಾಗುತ್ತಿತ್ತು. ಚಿಪ್ ಕೆಟ್ಟಿರಲಿಲ್ಲ, ಮತ್ತೆ ಬರೆದರೆ ಸರಿಯಾಗಿಯೇ ಉಳಿಯುತ್ತಿತ್ತು. ಚಿಪ್‌ನ ಹೊದಿಕೆಯಲ್ಲಿದ್ದ ಲವಲೇಶ ಯುರೇನಿಯಂ, ಥೋರಿಯಂ ಸೂಸುವ ಆಲ್ಫಾ ಕಣಗಳೇ ಇದಕ್ಕೆ ಮೂಲ ಎಂದು 1978ರಲ್ಲಿ ಇಂಟೆಲ್‌ನ ತಿಮೊತಿ ಮೇ ಮತ್ತು ಮರ್ರೆ ವುಡ್ಸ್ ತೋರಿಸಿಕೊಟ್ಟರು. ಯಾವ ಪರಮಾಣು ಯಾವ ಕ್ಷಣ ಸಿಡಿಯುತ್ತದೆ ಎಂದು ಇವತ್ತಿಗೂ ಯಾರೂ ಹೇಳಲಾರರು. ಅಲ್ಲಿ ಉದಯನಾಚಾರ್ಯರು ಏನು ಹೇಳುತ್ತಾರೆ?

ದೊಡ್ಡಪ್ಪ: ಒಳ್ಳೆಯ ಆಕ್ಷೇಪ. ಆ ಕ್ಷಣವನ್ನು ಮುಂಚಿತವಾಗಿ ಹೇಳಲಾಗದು ಎಂಬುದನ್ನು ಒಪ್ಪಿದೆ. ಆದರೆ ನಿನ್ನ ಮಾತಿನಲ್ಲೇ ಉತ್ತರದ ಅರ್ಧ ಇದೆ. ಕ್ಷಣ ಗೊತ್ತಾಗದಿದ್ದರೂ ಅವರು ಮೂಲವನ್ನು ಹಿಡಿದರು. ಮೂಲ ಗೊತ್ತಾದ ಮೇಲೆ ಹೊದಿಕೆಯ ಸಾಮಗ್ರಿಯನ್ನು ಶುದ್ಧಮಾಡಿ ದೋಷ ತಗ್ಗಿಸಲು ಬಂತು. ಯಾವಾಗ ಎಂಬುದು ಒಂದು ಪ್ರಶ್ನೆ, ಯಾವುದರಿಂದ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗಲಿಲ್ಲವೆಂದು ಎರಡನೆಯದನ್ನು ಕೈಬಿಡಬಾರದು. ಈಗ ಹೇಳು, ಇಲ್ಲಿಯವರೆಗೆ ಏನೇನು ನೋಡಿದೆ?

ಮಗಳು: ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಮಾಡಿದೆ, ಒಂದು ತಪ್ಪೂ ಬರಲಿಲ್ಲ. ರ‍್ಯಾಮಿನ ವೇಗವನ್ನು ಎಕ್ಸ್‌ಎಂಪಿ ಹೊಂದಿಕೆಯ ಹೆಚ್ಚಿನ ವೇಗದಿಂದ ಮೂಲ ವೇಗಕ್ಕೆ ಇಳಿಸಿದೆ, ಆದರೂ ನಿಂತಿತು. ಎಸ್‌ಎಸ್‌ಡಿಯ ಆರೋಗ್ಯ ಸರಿಯಿದೆ. ಇಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿಹೋದರು, ಅದೂ ಸರಿಯಿದೆ. ವಿಂಡೋಸ್ ದಾಖಲೆಯಲ್ಲಿ ‘ಕರ್ನಲ್-ಪವರ್ 41’ ಎಂದಷ್ಟೇ ಸಿಗುತ್ತದೆ.

ದೊಡ್ಡಪ್ಪ: ಹಾಗೆಂದರೆ?

ಮಗಳು: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂದು. ಪವರ್ ಬಟನ್ ಒತ್ತಿಹಿಡಿದು ಆರಿಸಿದವಳು ನಾನೇ. ಅದನ್ನೇ ತಿರುಗಿ ನನಗೆ ಹೇಳುತ್ತದೆ. ಏನಾಯಿತೆಂದು ಬರೆದಿಡಬೇಕಾದದ್ದೇ ಆ ಹೊತ್ತಿಗೆ ನಿಂತುಹೋಗಿರುತ್ತದಲ್ಲ.

ದೊಡ್ಡಪ್ಪ: ಅಂದರೆ ಶಬ್ದಪ್ರಮಾಣ, ನಂಬಬಹುದಾದ ಇನ್ನೊಬ್ಬರ ಮಾತು, ಇಲ್ಲಿ ಕೈಗೆ ಬರುವುದಿಲ್ಲ. ಉಳಿದದ್ದು ನಿನ್ನ ಪ್ರತ್ಯಕ್ಷ ಮತ್ತು ಅನುಮಾನ. ಊರವರು ಏನನ್ನುತ್ತಾರೆ?

ಮಗಳು: ಒಬ್ಬೊಬ್ಬರು ಒಂದೊಂದು. ದೂಳು ಅಂದರು, ಒರೆಸಿದೆ. ಬಿಸಿ ಅಂದರು, ಸಿಪಿಯು ಕೂಲರಿನ ಪೇಸ್ಟ್ ಬದಲಿಸಿದೆ. ಅಂಗಡಿಯವನು ಕೆಟ್ಟ ರ‍್ಯಾಮ್ ಕೊಟ್ಟಿದ್ದಾನೆ ಅಂದರು. ಗಣಪತಿಗೆ ಪಂಚಕಜ್ಜಾಯ ಹೇಳಿಕೋ ಅಂದರು.

ದೊಡ್ಡಪ್ಪ: ಹೇಳಿಕೋ, ತಪ್ಪೇನಿಲ್ಲ. ಕೈಮುಗಿದು ಬಂದು ನೀನು ಬರೆದಿಟ್ಟ ಪುಸ್ತಕ ತೆಗೆಯಬೇಕು ಅಷ್ಟೇ. ಹುಡುಕುವ ಕೆಲಸವನ್ನು ದೇವರ ತಲೆಗೆ ಕಟ್ಟಬಾರದು.

ಮಗಳು: ಹೆಚ್ಚಿನವರು ಮಳೆ ಅಂತಾರೆ. ಅದು ನನಗೂ ನಿಜ ಅನ್ನಿಸುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಪುಸ್ತಕ ನೋಡಿ, ಹ್ಯಾಂಗ್ ಆದ ದಿನಗಳಲ್ಲಿ ಬಹುಪಾಲು ಜೋರು ಮಳೆಯ ದಿನಗಳೇ. ಬೋರ್ಡಿಗೆ ತಂಪು ಹಿಡಿಯುತ್ತಿರಬೇಕು.

ದೊಡ್ಡಪ್ಪ: ಕೊಡು ನೋಡೋಣ. ತಾರೀಖು, ನಿಂತ ಹೊತ್ತು, ಮಳೆ, ಕರೆಂಟ್ ಇತ್ತೋ ಇಲ್ಲವೋ, ಸಿಪಿಯು ಬಿಸಿ ಎಷ್ಟು... ಕೊನೆಯ ಸಾಲಿನಲ್ಲಿ ಇದೇನು? ‘ಅಡುಗೆಮನೆ’, ‘ತೋಟ’, ‘ಊಟ’, ‘ಮಲಗಿದ್ದೆ’.

ಮಗಳು: ಆಗ ನಾನು ಎಲ್ಲಿದ್ದೆ ಎಂದು. ಸುಮ್ಮನೆ ಬರೆದದ್ದು.

ದೊಡ್ಡಪ್ಪ: ಸುಮ್ಮನೆ ಅಲ್ಲ. ಇದರಲ್ಲಿ ಒಂದು ಸಲವಾದರೂ ‘ಕೆಲಸ ಮಾಡುತ್ತಿದ್ದೆ’ ಎಂದಿದೆಯೇ? ಮೊನ್ನೆ ರಾತ್ರಿಯಿಡೀ ಒಂದು ಯಕ್ಷಗಾನ ಆಟದ ವಿಡಿಯೊ ರೆಂಡರ್ ಆಗುತ್ತಿತ್ತಲ್ಲ, ಆಗ ನಿಂತಿತೇ?

ಮಗಳು: ಇಲ್ಲ. ಹೊರಗೆ ಮಳೆ ಹೊಡೆಯುತ್ತಲೇ ಇತ್ತು. ಪ್ರೊಸೆಸರ್ 80 ಡಿಗ್ರಿ ದಾಟಿತ್ತು. ಆದರೂ ಬೆಳಗಿನ ತನಕ ಕೆಲಸ ಮಾಡಿತು.

ದೊಡ್ಡಪ್ಪ: ಹಾಗಾದರೆ ಒಂದೇ ರಾತ್ರಿಯಲ್ಲಿ ಎರಡು ಅನುಮಾನ ಬಿದ್ದವು. ಬಿಸಿಯಿತ್ತು, ಹ್ಯಾಂಗ್ ಇಲ್ಲ. ಮಳೆಯಿತ್ತು, ಹ್ಯಾಂಗ್ ಇಲ್ಲ. ಇನ್ನು ಈ ಪುಸ್ತಕದಲ್ಲಿ ಮಳೆಯಿಲ್ಲದ ದಿನ ನಿಂತದ್ದೂ ಇದೆ, ಆಗಲೂ ನೀನು ತೋಟದಲ್ಲಿದ್ದೆ. ಹೊಗೆ ಮತ್ತು ಬೆಂಕಿಯ ಪಾಠ ನೆನಪಿದೆಯೇ?

ಮಗಳು: ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನುವಂತಿಲ್ಲ.

ದೊಡ್ಡಪ್ಪ: ಯಾಕೆ? ಹಸಿ ಸೌದೆ ಸೇರಿದರೆ ಮಾತ್ರ ಹೊಗೆ. ಹಸಿ ಸೌದೆ ಅಲ್ಲಿನ ಉಪಾಧಿ. ಸಾಧ್ಯ, ಅಂದರೆ ಇಲ್ಲಿ ಹೊಗೆ, ಇರುವಲ್ಲೆಲ್ಲ ಉಪಾಧಿ ಇರುತ್ತದೆ; ಹೇತು, ಅಂದರೆ ಬೆಂಕಿ, ಇರುವಲ್ಲೆಲ್ಲ ಇರುವುದಿಲ್ಲ. ಈಗ ‘ಮಳೆ ಬಂದರೆ ಕಂಪ್ಯೂಟರ್ ನಿಲ್ಲುತ್ತದೆ’ ಎಂಬ ನಿನ್ನ ಅನುಮಾನಕ್ಕೆ ಹಚ್ಚಿ ನೋಡು. ನಿಂತಾಗಲೆಲ್ಲ ಅದು ಕೆಲಸವಿಲ್ಲದೆ ಖಾಲಿ ಕೂತಿತ್ತು. ಮಳೆ ಬಂದಾಗಲೆಲ್ಲ ಖಾಲಿ ಕೂತಿರಲಿಲ್ಲ. ಇಲ್ಲಿ ಉಪಾಧಿ ಯಾವುದು?

ಮಗಳು: ಖಾಲಿ ಕೂರುವುದು! ಮತ್ತೆ ಮಳೆಗೆ ಇದು ಹೇಗೆ ತಗುಲಿಕೊಂಡಿತು ಎಂದೂ ಗೊತ್ತಾಯಿತು ದೊಡ್ಡಪ್ಪ. ಜೋರು ಮಳೆ ಹಿಡಿದರೆ ನೆಟ್ ಹೋಗುತ್ತದೆ. ವಿಡಿಯೊ ಅಪ್‌ಲೋಡ್ ನಿಂತುಬಿಡುತ್ತದೆ. ನಾನು ಕಂಪ್ಯೂಟರನ್ನು ಹಾಗೇ ಬಿಟ್ಟು ಬೇರೆ ಕೆಲಸಕ್ಕೆ ಏಳುತ್ತೇನೆ.

ದೊಡ್ಡಪ್ಪ: ಮಡಕೆಗೆ ಕುಂಬಾರ ಕಾರಣ. ಕುಂಬಾರನ ಅಪ್ಪ ಇಲ್ಲದೆ ಕುಂಬಾರ ಇಲ್ಲ, ಆದರೂ ಮಡಕೆಯ ಕಾರಣಗಳಲ್ಲಿ ಅಪ್ಪನನ್ನು ಎಣಿಸುವುದಿಲ್ಲ. ತಾರ್ಕಿಕರು ಅವನನ್ನು ಅನ್ಯಥಾಸಿದ್ಧ ಎಂದು ಬದಿಗಿಟ್ಟರು. ಇಲ್ಲಿ ಮಳೆ ಆ ಅಪ್ಪನ ಜಾಗದಲ್ಲಿದೆ.

ಮಗಳು: ಆದರೆ ನನಗೆ ಇನ್ನೂ ಸಮಾಧಾನವಿಲ್ಲ. ದುಡಿಯುವಾಗ ಸೋಲುವುದು ಅರ್ಥವಾಗುತ್ತದೆ. ಸುಮ್ಮನೆ ಕೂತಾಗ ಯಾಕೆ ಸೋಲಬೇಕು? ಖಾಲಿ ಕೂತಾಗಲೆಲ್ಲ ನಿಲ್ಲುವುದೂ ಇಲ್ಲವಲ್ಲ.

ದೊಡ್ಡಪ್ಪ: ಖಾಲಿ ಕೂತಾಗ ಒಳಗೆ ಏನು ನಡೆಯುತ್ತದೆ? ಅದು ನಿನ್ನ ಶಾಸ್ತ್ರ.

ಮಗಳು: ಪ್ರೊಸೆಸರ್ ನಿದ್ದೆಗೆ ಇಳಿಯುತ್ತದೆ. ಸಿ6 ಎಂಬ ಆಳದ ಹಂತದಲ್ಲಿ ಕೋರ್‌ಗಳಿಗೆ ಹೋಗುವ ವಿದ್ಯುತ್ತನ್ನೇ ಹೆಚ್ಚುಕಡಿಮೆ ಕಡಿದುಹಾಕುತ್ತದೆ. ಮತ್ತೆ ಏಳುವಾಗ ಕ್ಷಣಾರ್ಧದಲ್ಲಿ ಪೂರ್ತಿ ಕರೆಂಟ್ ಬೇಕು. ಅತಿ ಕಡಿಮೆ ಹೊರೆಯಲ್ಲಿ ವೋಲ್ಟೇಜನ್ನು ಸ್ಥಿರವಾಗಿ ಹಿಡಿಯುವುದು ಎಲ್ಲ ಪವರ್ ಸಪ್ಲೈಗೂ ಬರುವುದಿಲ್ಲ. 2013ರಲ್ಲಿ ಹ್ಯಾಸ್ವೆಲ್ ಪೀಳಿಗೆಯ ಪ್ರೊಸೆಸರ್ ಬಂದಾಗ ಇದೇ ಚರ್ಚೆಯಾಗಿತ್ತು. ನಿದ್ದೆಯ ಆಳದಲ್ಲಿ ಅದು 12 ವೋಲ್ಟ್ ಸಾಲಿನಿಂದ 0.05 ಆಂಪಿಯರ್‌ನಷ್ಟೇ ಎಳೆಯಬಲ್ಲದು, ಹಳೆಯ ಪವರ್ ಸಪ್ಲೈಗಳ ವಿನ್ಯಾಸದಲ್ಲಿ ಕನಿಷ್ಠ ಹೊರೆ 0.5 ಆಂಪಿಯರ್ ಎಂದಿತ್ತು. ನನ್ನ ಪವರ್ ಸಪ್ಲೈ ಮಾತ್ರ ಹಳೆಯ ಕಂಪ್ಯೂಟರಿನದು. ಉಳಿದದ್ದೆಲ್ಲ ಹೊಸದು.

ದೊಡ್ಡಪ್ಪ: ನಿನ್ನ ಪ್ರಶ್ನೆಗೆ ಉತ್ತರವೂ ಇದರಲ್ಲೇ ಬಂತು. ಕಾರ್ಯ ಹುಟ್ಟುವುದು ಒಂಟಿ ಕಾರಣದಿಂದಲ್ಲ, ಸಾಮಗ್ರಿಯಿಂದ. ಬೇಕಾದದ್ದೆಲ್ಲ ಒಟ್ಟಿಗೆ ಕೂಡಿಬಂದಾಗ. ಹಳೆಯ ಪವರ್ ಸಪ್ಲೈ, ಹೊಸ ಪ್ರೊಸೆಸರಿನ ಆಳದ ನಿದ್ದೆ, ಏಳುವ ಕ್ಷಣದ ಕೊರತೆ, ಮೂರೂ ಸೇರಬೇಕು. ಒಂದು ತಪ್ಪಿದರೂ ಅದು ಏಳುತ್ತದೆ, ನಿನಗೆ ಗೊತ್ತೇ ಆಗುವುದಿಲ್ಲ. ಆಗೀಗ ಬರುವ ದೋಷಗಳ ಸ್ವರೂಪವೇ ಇದು. ಕಾರಣ ಸದಾ ಅಲ್ಲೇ ಇರುತ್ತದೆ, ಸಾಮಗ್ರಿ ಮಾತ್ರ ಅಪರೂಪಕ್ಕೆ ಪೂರ್ತಿಯಾಗುತ್ತದೆ.

ಮಗಳು: ಹಾಗಾದರೆ ಇವತ್ತೇ ಹೊಸ ಪವರ್ ಸಪ್ಲೈ ತರಿಸುತ್ತೇನೆ. ಜೊತೆಗೆ ಬಯೋಸ್ ಅಪ್‌ಡೇಟ್ ಮಾಡಿ, ವಿಂಡೋಸನ್ನೂ ಹೊಸದಾಗಿ ಹಾಕಿಬಿಡುತ್ತೇನೆ.

ದೊಡ್ಡಪ್ಪ: ತಡಿ. ಗೌತಮ ಹೇಳಿದ ಹದಿನಾರು ಪದಾರ್ಥಗಳಲ್ಲಿ ಸಂಶಯ ಮೂರನೆಯದು, ನಿರ್ಣಯ ಒಂಬತ್ತನೆಯದು. ನಡುವಿನ ಐದನ್ನು ಹಾರಿ ಹೋಗಬೇಡ. ಮೂರನ್ನೂ ಒಮ್ಮೆಗೇ ಬದಲಿಸಿದರೆ ಸರಿಹೋಗಬಹುದು, ಯಾವುದರಿಂದ ಎಂದು ಮಾತ್ರ ಎಂದಿಗೂ ತಿಳಿಯುವುದಿಲ್ಲ. ಖರ್ಚಿಲ್ಲದೆ, ಒಂದನ್ನೇ ಬದಲಿಸಿ ನೋಡುವ ದಾರಿ ಇದೆಯೇ?

ಮಗಳು: ಇದೆ. ಬಯೋಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬ ಆಯ್ಕೆ. ಅದನ್ನು ‘ಟಿಪಿಕಲ್ ಕರೆಂಟ್ ಐಡಲ್’ ಎಂದಿಟ್ಟರೆ ಅಷ್ಟು ಆಳದ ನಿದ್ದೆಗೆ ಹೋಗುವುದಿಲ್ಲ. ಕರೆಂಟ್ ಸ್ವಲ್ಪ ಹೆಚ್ಚು ಸುಡುತ್ತದೆ, ಅಷ್ಟೇ. ಅದೊಂದನ್ನೇ ಬದಲಿಸಿ ನಾಳೆಯವರೆಗೆ ನೋಡುತ್ತೇನೆ.

ದೊಡ್ಡಪ್ಪ: ನಾಳೆಯವರೆಗೆ ನಿಲ್ಲದಿದ್ದರೆ ಏನು ಸಿದ್ಧವಾಯಿತು?

ಮಗಳು: ಏನೂ ಆಗಲಿಲ್ಲ, ನಿಜ. ಸರಾಸರಿ 4 ದಿನಕ್ಕೊಮ್ಮೆ ಬರುವ ದೋಷ ಒಂದು ದಿನ ಬರದಿದ್ದರೆ ಅದು ಮಾಮೂಲು. ಅದರ ಮೂರು ಪಟ್ಟು, 12 ದಿನ, ಒಂದೂ ಬರದೆ ಕಳೆದರೆ ಮಾತ್ರ ಅದು ಬರೀ ಅದೃಷ್ಟವಾಗಿರುವ ಸಂಭವ ನೂರಕ್ಕೆ ಐದರಷ್ಟು.

ದೊಡ್ಡಪ್ಪ: ಆಗ ವ್ಯತಿರೇಕ ಸಿಕ್ಕಿತು: ಕಾರಣ ತೆಗೆದೆ, ಕಾರ್ಯ ಹೋಯಿತು. ಆಮೇಲೆ ಆ ಆಯ್ಕೆಯನ್ನು ಹಿಂದಿನಂತೆಯೇ ಇಟ್ಟು, ಕಂಪ್ಯೂಟರನ್ನು ಬೇಕೆಂದೇ ಖಾಲಿ ಬಿಡು.

ಮಗಳು: ಹೋದ ಮಾರಿಯನ್ನು ಮನೆಗೆ ಕರೆಯಬೇಕೇ? ಕಂಪ್ಯೂಟರ್ ನಡೆಯುತ್ತಿದ್ದರೆ ಸಾಕಲ್ಲ. ಕೆಲಸ ಮಾಡುವವಳಿಗೆ ಕಾರಣಕ್ಕಿಂತ ಕೆಲಸ ಮುಖ್ಯ.

ದೊಡ್ಡಪ್ಪ: ಕೆಲಸವೇ ಮುಖ್ಯ. ಆದರೆ ಸರಿಹೋಗುವುದು ಬೇರೆ, ತಿಳಿಯುವುದು ಬೇರೆ. ಅದೇ ದಿನಗಳಲ್ಲಿ ಮಳೆ ಬಿಟ್ಟಿದ್ದರೆ? ನೆಟ್ ಸರಿಯಿದ್ದು ನೀನು ಎದ್ದೇ ಹೋಗದಿದ್ದರೆ? ಕಾರಣವನ್ನು ಮರಳಿ ಇಟ್ಟಾಗ ಕಾರ್ಯವೂ ಮರಳಿದರೆ, ಅದು ಅನ್ವಯ. ಎರಡೂ ಕೂಡಿದರೆ ನಿರ್ಣಯ. ಮತ್ತೆ ಇದು ನಿನ್ನೊಬ್ಬಳ ಕಂಪ್ಯೂಟರಿನ ಮಾತೂ ಅಲ್ಲ. ‘ಅಂಗಡಿಯವನು ಕೆಟ್ಟ ರ‍್ಯಾಮ್ ಕೊಟ್ಟ’ ಎಂಬ ಮಾತು ಊರಲ್ಲಿ ಓಡಾಡುತ್ತಿದೆಯಲ್ಲ. ಆ ರ‍್ಯಾಮ್ ರಾತ್ರಿಯಿಡೀ ಪರೀಕ್ಷೆಯಲ್ಲಿ ಗೆದ್ದಿದೆ. ಕಾರಣ ತಿಳಿಯದೆ ರಿಪೇರಿಯಾದರೆ ಆ ಅಪವಾದ ಅವನ ತಲೆಯ ಮೇಲೆಯೇ ಉಳಿಯುತ್ತದೆ. ದೋಷ ಹುಡುಕುವವನು ನ್ಯಾಯಾಧೀಶನ ಜಾಗದಲ್ಲಿ ಕೂತಿರುತ್ತಾನೆ ಕೂಸೇ. ಅಪರಾಧಿಯನ್ನು ಹಿಡಿಯುವುದರಷ್ಟೇ, ನಿರಪರಾಧಿಯನ್ನು ಬಿಡಿಸುವುದೂ ಅವನ ಧರ್ಮ.

ಮಗಳು: ಇದು ನನಗೆ ಹೊಳೆದಿರಲಿಲ್ಲ. ಇಟ್ಟು ನೋಡುತ್ತೇನೆ.

(ಆಯ್ಕೆ ಬದಲಿಸಿದ ಮೇಲೆ, ಮಳೆಯಲ್ಲೂ ಬಿಸಿಲಲ್ಲೂ, ಕಂಪ್ಯೂಟರ್ ನಿಲ್ಲಲಿಲ್ಲ. ಸಾಕಷ್ಟು ಕಾದು ಅವಳು ಆಯ್ಕೆಯನ್ನು ಹಿಂದಿನಂತಿಟ್ಟಳು. ಮಳೆಯಿಲ್ಲದ ಒಂದು ಮಧ್ಯಾಹ್ನ, ಖಾಲಿ ಕೂತಿದ್ದಾಗ ಅದು ನಿಂತಿತು. ಆಮೇಲೆ ಪವರ್ ಸಪ್ಲೈ ಬದಲಾಯಿತು. ಈಗ ಆಳದ ನಿದ್ದೆಯಿಂದಲೂ ಸರಿಯಾಗಿ ಏಳುತ್ತಿದೆ.)

ದೊಡ್ಡಪ್ಪ: ಇನ್ನು ಯಾರಾದರೂ ‘ನಮ್ಮ ಕಂಪ್ಯೂಟರ್ ಸುಮ್ಮಸುಮ್ಮನೆ ನಿಲ್ಲುತ್ತದೆ’ ಎಂದು ಬಂದರೆ ಏನು ಹೇಳುತ್ತೀ?

ಮಗಳು: ಏನನ್ನೂ ಕೊಳ್ಳುವ ಮೊದಲು ಒಂದು ಪುಸ್ತಕ ಇಡಿ ಎನ್ನುತ್ತೇನೆ. ನಿಂತ ಹೊತ್ತು ಬರೆಯಿರಿ, ಆಗ ಅದು ಏನು ಮಾಡುತ್ತಿತ್ತು, ನೀವು ಏನು ಮಾಡುತ್ತಿದ್ದಿರಿ ಎಂಬುದನ್ನೂ ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸಾಕಷ್ಟು ದಿನ ಕಾಯಿರಿ. ಸರಿಹೋಯಿತು ಅನ್ನಿಸಿದಾಗ ಹಿಂದಿನಂತೆ ಇಟ್ಟು ಇನ್ನೊಮ್ಮೆ ನೋಡಿ. ಅಲ್ಲಿಯವರೆಗೆ ಮಳೆಯನ್ನೂ ಬೈಯಬೇಡಿ, ಅಂಗಡಿಯವನನ್ನೂ ಬೈಯಬೇಡಿ.