ಐವತ್ತರ ವಿದ್ಯಾರ್ಥಿ

ರೆಂಬ್ರಾಂಟ್ ಎಂದೊಡನೆ ಕಣ್ಣಮುಂದೆ ಬರುವುದು ಕತ್ತಲು, ಅದರೊಳಗಿಂದ ಮೂಡಿಬರುವ ಮುಖ, ದಪ್ಪಗೆ ಮೆತ್ತಿದ ಬಣ್ಣ. ಕಲಾಶಾಲೆಯಲ್ಲಿ ನಮಗೆ ಪರಿಚಯವಾದದ್ದು ಈ ರೆಂಬ್ರಾಂಟನೇ. ವಯಸ್ಸಾದಂತೆ ನನಗೆ ಹೆಚ್ಚು ಹತ್ತಿರವಾದದ್ದು ಅವನ ಬೇರೊಂದು ಬಗೆಯ ಕೆಲಸ. ಮೊಘಲ್ ಚಿಕಣಿ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಅವನು ಬರೆದ ಸಣ್ಣ ರೇಖಾಚಿತ್ರಗಳು ಇಂದಿಗೂ ಇಪ್ಪತ್ತಕ್ಕಿಂತ ಹೆಚ್ಚು ಉಳಿದಿವೆ. ಷಹಜಹಾನ್, ಜಹಾಂಗೀರ್, ಕುದುರೆ ಸವಾರರು, ಮರದ ಕೆಳಗೆ ಕುಳಿತ ನಾಲ್ವರು ಹಿರಿಯರು. ಇಟಲಿಯನ್ನೂ ಕಾಣದ ಡಚ್ ಚಿತ್ರಕಾರ ಆಗ್ರಾದ ದರ್ಬಾರನ್ನು ಕಾಗದದ ಮೇಲೆಯೇ ಕಂಡ.

ಇವು 1656ರಿಂದ 1661ರ ಸುಮಾರಿನವು ಎನ್ನುತ್ತಾರೆ ಬಲ್ಲವರು. 1656ರಲ್ಲಿ ಅವನಿಗೆ ಐವತ್ತು. ಅದೇ ವರ್ಷ ಅವನು ದಿವಾಳಿಯೆದ್ದ. ಸಾಲ ಕೊಟ್ಟವರಿಗಾಗಿ ಅಧಿಕಾರಿಗಳು ಆಂಸ್ಟರ್‌ಡ್ಯಾಮಿನ ಮನೆಯ ಒಂದೊಂದು ಕೋಣೆಯನ್ನೂ ಹೊಕ್ಕು ವಸ್ತುಗಳ ಪಟ್ಟಿ ಮಾಡಿದರು. ಶಿಲ್ಪಗಳು, ಆಯುಧಗಳು, ಚಿಪ್ಪುಗಳು, ಮಾಂಟೆನ್ಯಾನ ಮುದ್ರಣಚಿತ್ರಗಳು. ಚಿಕಣಿ ಚಿತ್ರಗಳ ಒಂದು ಆಲ್ಬಂ ಕೂಡ ಪಟ್ಟಿಯಲ್ಲಿದೆ. ಮೊಘಲ್ ಚಿತ್ರಗಳು ಅದರಲ್ಲೇ ಇದ್ದಿರಬೇಕೆಂದು ಹಲವರ ಊಹೆ.

ಮಾರಾಟವಾಗಿ ಹೋಗುವ ಮುನ್ನ ನೆನಪಿಗಿರಲೆಂದು ಬರೆದುಕೊಂಡ ಎನ್ನುವವರಿದ್ದಾರೆ. ಈ ವಿವರಣೆ ನನಗೆ ಸಾಲದು. ನೆನಪಿಗೆಂದು ಬರೆಯುವ ಕೈ ಹೇಗಿರುತ್ತದೆ ಎಂಬುದಕ್ಕೆ ಅವನದೇ ಸಾಕ್ಷಿ ಇದೆ. ರಫಾಯೆಲ್ ಬರೆದ ಕಾಸ್ತಿಲ್ಯೋನೆಯ ಭಾವಚಿತ್ರ 1639ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಹರಾಜಾದಾಗ ರೆಂಬ್ರಾಂಟ್ ಒಂದು ಸ್ಕೆಚ್ ಗೀಚಿಕೊಂಡ. ಬೀಸಿ ಎಳೆದ ಗೆರೆಗಳು, ಪಕ್ಕದಲ್ಲಿ 3,500 ಗಿಲ್ಡರ್ ಎಂದು ಬೆಲೆಯ ಟಿಪ್ಪಣಿ. ಮೊಘಲ್ ಪ್ರತಿಗಳಲ್ಲಿ ಆ ಅವಸರದ ಸುಳಿವೇ ಇಲ್ಲ. ಇವಕ್ಕೆಂದು ಅವನು ಜಪಾನಿನಿಂದ ಬಂದ ದುಬಾರಿ ಕಾಗದ ಆರಿಸಿಕೊಂಡಿದ್ದಾನೆ. ಲೇಖನಿಯನ್ನು ಹಗುರವಾಗಿ ಹಿಡಿದಿದ್ದಾನೆ. ಪೇಟದ ಸುತ್ತು, ನಡುಕಟ್ಟಿನ ಇಳಿಬಿದ್ದ ತುದಿ, ತೆಳು ಜಾಮಾದ ನೆರಿಗೆ, ಪಾದರಕ್ಷೆಯ ಆಕಾರ, ಎಲ್ಲವನ್ನೂ ಗಮನಿಸಿ ನಿಧಾನವಾಗಿ ಎಳೆದಿದ್ದಾನೆ. ಹೆಸರು ಮಾಡಿದ ಗವಾಯಿಯೊಬ್ಬರು ಇನ್ನೊಂದು ಘರಾಣೆಯ ಬಂದಿಶ್ ಕಲಿಯಲು ತಂಬೂರಿ ಹಿಡಿದು ಕುಳಿತಂತಿದೆ ಅದು.

ಈ ಪ್ರತಿಗಳ ಅಚ್ಚುಚಿತ್ರ ಮುಂದಿಟ್ಟುಕೊಂಡು ನಾನೂ ಬರೆದು ನೋಡುತ್ತಿರುತ್ತೇನೆ. ಕಣ್ಣು ತಪ್ಪಿಸಿಕೊಂಡದ್ದು ಕೈಗೆ ಸಿಗುತ್ತದೆ. ಮೂಲದ ಬಣ್ಣವನ್ನು, ಚಿನ್ನವನ್ನು, ಅಂಚಿನ ಹೂಬಳ್ಳಿಯನ್ನು ಅವನು ಬಿಟ್ಟುಬಿಟ್ಟಿದ್ದಾನೆ. ಪಕ್ಕನೋಟದ ಮುಖವನ್ನು, ಆ ನಿಲುವಿನ ಗಾಂಭೀರ್ಯವನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ. ಆಮೇಲೆ ಕೆಲವು ಕಡೆ, ತಡೆಯಲಾರದೆ ಎಂಬಂತೆ, ಕಂದು ಮಸಿಯ ತೆಳು ವಾಷ್‌ನಿಂದ ಒಂದಿಷ್ಟು ನೆರಳು ಸೇರಿಸಿದ್ದಾನೆ. ಮೊಘಲ್ ದೊರೆಗಳು ನೆರಳಿಲ್ಲದ ಲೋಕದಲ್ಲಿ ನಿಂತವರು. ಇಲ್ಲಿ ಅವರಿಗೆ ಮೈಯ ಭಾರ ಬಂದಿದೆ. ತಾನು ಕಲಿಯುತ್ತಿರುವ ಶೈಲಿಗೆ ಪೂರ್ತಿ ತಲೆಬಾಗಿಯೂ ತನ್ನ ಕಣ್ಣನ್ನು ಬಿಟ್ಟುಕೊಡದ ಈ ಜಾಗ ನನಗೆ ಅವನ ದೊಡ್ಡ ಕ್ಯಾನ್ವಾಸುಗಳಷ್ಟೇ ದೊಡ್ಡದು.

ಆ ಕಲಿಕೆ ಅಭ್ಯಾಸದ ಹಾಳೆಯಲ್ಲೇ ಉಳಿಯಲಿಲ್ಲ. ಮರದಡಿಯ ನಾಲ್ವರು ಹಿರಿಯರ ಪ್ರತಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರೆಂಬ್ರಾಂಟನದೇ 1656ರ ಎಚಿಂಗ್‌ ಒಂದರಲ್ಲಿ ಅಬ್ರಹಾಂ ದೇವದೂತರನ್ನು ಸತ್ಕರಿಸುತ್ತಾನೆ. ಅತಿಥಿಗಳು ಮೇಜು ಕುರ್ಚಿ ಬಿಟ್ಟು, ಆ ಹಿರಿಯರಂತೆಯೇ, ನೆಲದ ಮೇಲೆ ತಟ್ಟೆಯ ಸುತ್ತ ಕುಳಿತಿದ್ದಾರೆ. ಬೈಬಲ್ಲಿನ ಕಥೆಗೆ ಕೂರುವ ರೀತಿ ಹಿಂದೂಸ್ತಾನದ ಚಿತ್ರದಿಂದ ಬಂತು.

ಇದಕ್ಕಿಂತ ಅರ್ಧ ಶತಮಾನ ಹಿಂದೆ ಇದೇ ಕೆಲಸ ಎದುರು ದಿಕ್ಕಿನಲ್ಲಿ ನಡೆದಿತ್ತು. ಮೊಘಲ್ ಚಿತ್ರಶಾಲೆಯಲ್ಲಿ ಬೆಳೆದ ಅಬುಲ್ ಹಸನ್ 1600ರಲ್ಲಿ, ಇನ್ನೂ ಹದಿಮೂರರ ಹುಡುಗ, ಡ್ಯೂರರ್‌ನ ಮುದ್ರಣಚಿತ್ರ ನೋಡಿ ಸಂತ ಯೋಹಾನನನ್ನು ಬರೆದ. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಅದಿದೆ. ಬಿಗಿದು ಹೆಣೆದ ಆ ಕೈಬೆರಳುಗಳನ್ನು ನೋಡಿದರೆ ಹುಡುಗನ ಶ್ರದ್ಧೆ ತಿಳಿಯುತ್ತದೆ. ನಮ್ಮ ವಿಜಯಪುರಕ್ಕೂ ಈ ಹಾದಿಯ ಒಂದು ಕವಲಿತ್ತು. ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನ ಸೇರಿದ. 1622ರಲ್ಲಿ ಅವನು ತೀರಿಕೊಂಡದ್ದೂ ಆ ನಾಡಿನಲ್ಲೇ.

ಕಲಾ ಇತಿಹಾಸದ ಪುಸ್ತಕಗಳಲ್ಲಿ ಯುರೋಪು ಒಂದು ಅಧ್ಯಾಯ, ಭಾರತ ಇನ್ನೊಂದು. ಕಲಾವಿದರ ಕೈ ಆ ಗಡಿಯನ್ನು ಎಂದೂ ಒಪ್ಪಿಕೊಂಡಿರಲಿಲ್ಲ. ಹಳೆಯ ಗುರುಗಳನ್ನು ಪೀಠದ ಮೇಲೆ ಕೂರಿಸಿ ದೂರದಿಂದ ಕೈಮುಗಿಯುವ ನಮ್ಮ ಅಭ್ಯಾಸವೂ ನನಗೆ ಸರಿಕಾಣುವುದಿಲ್ಲ. ಅವರು ಗುರುಗಳಾದದ್ದು ಕೊನೆಯವರೆಗೂ ಇನ್ನೊಬ್ಬರ ಮುಂದೆ ಕುಳಿತು ಬರೆದಿದ್ದರಿಂದ.

ಒಂದು ವಿಷಯ ಮಾತ್ರ ನೋಯಿಸುತ್ತದೆ. ರೆಂಬ್ರಾಂಟ್ ನೋಡಿದಂಥವೇ ಮೊಘಲ್ ಚಿತ್ರಗಳು ಈಗ ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಕೋಣೆಯೊಂದರ ಗೋಡೆಯಲ್ಲಿವೆ. ಹದಿನೆಂಟನೆಯ ಶತಮಾನದಲ್ಲಿ, ಮರಿಯಾ ಥೆರೇಸಾಳ ಕಾಲದಲ್ಲಿ, ಅವನ್ನು ಕತ್ತರಿಸಿ, ತುಂಡುಗಳನ್ನು ಮನಬಂದಂತೆ ಜೋಡಿಸಿ, ಬಂಗಾರದ ಬಣ್ಣದ ಚೌಕಟ್ಟುಗಳಲ್ಲಿ ಅಂಟಿಸಿದರು. ಬಡವನಾದ ಚಿತ್ರಕಾರ ಲೇಖನಿ ಹಿಡಿದು ತಲೆಬಾಗಿದ್ದ ರೇಖೆಗಳ ಮೇಲೆ ಸಾಮ್ರಾಜ್ಯದ ಕತ್ತರಿ ಆಡಿತು.

ಕಲೆ ಕಲಿಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ತರಗತಿಯಲ್ಲಿ ರೆಂಬ್ರಾಂಟನ ಷಹಜಹಾನನನ್ನು ತೋರಿಸುವಾಗ ಪಕ್ಕದಲ್ಲೇ ಒಂದು ಮೊಘಲ್ ಚಿಕಣಿಯನ್ನೂ ಇಡಿ. ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಎರಡನ್ನೂ ಬರೆಸಿ. ಚಿತ್ರದ ಕೆಳಗೆ ಡಚ್ ಗುರುವಿನ ಹೆಸರು ಬರೆಯುವಾಗ, ಅವನಿಗೆ ಆ ರೇಖೆ ಕಲಿಸಿದ ಹೆಸರಿಲ್ಲದ ಚಿತ್ರಕಾರನಿಗೂ ಒಂದು ಸಾಲು ಬಿಡಿ.